ಚಿಕ್ಕಪ್ಪನ ಪಲ್ಪರ್ ಸ್ಟ್ಯಾಂಡ್: ಮಾಡೆಲ್‌ನಲ್ಲಿ ಕೂತಿದ್ದು ಶೆಡ್ಡಿನಲ್ಲಿ ಕೂರಲಿಲ್ಲ

ಚಿಕ್ಕಮಗಳೂರಿನ ಆಲ್ದೂರು ಕಡೆ ನಮ್ಮ ಚಿಕ್ಕಪ್ಪನ ಕಾಫಿ ತೋಟ. ಅಲ್ಲಿ ಒಂದು ಹಳೆಯ ಕೈ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಇದೆ. ಬೀಡು ಕಬ್ಬಿಣದ ಎರಡು ಪಕ್ಕದ ಫ್ರೇಮು, ಮಧ್ಯೆ ಡ್ರಮ್ಮು, ಹೊರಗೆ ಹಿಡಿ ಇರುವ ದೊಡ್ಡ ಚಕ್ರ. ಚಕ್ರ ತಿರುಗಿಸುವವರು ಈಗ ಯಾರೂ ಸಿಗುವುದಿಲ್ಲ. ಸಿಕ್ಕರೂ ಅರ್ಧ ಗಂಟೆಗೆ ಸುಸ್ತು. "ನೀನು ಕಂಪ್ಯೂಟರಲ್ಲಿ ಮಷೀನ್ ಡ್ರಾಯಿಂಗ್ ಮಾಡ್ತೀಯಲ್ಲ, ಇದಕ್ಕೊಂದು ಮೋಟಾರ್ ಕೂರಿಸಿ ಕೊಡೋ" ಅಂದರು ಚಿಕ್ಕಪ್ಪ. ಅರೇಬಿಕಾ ಹಣ್ಣು ಕೀಳುವುದು ನವೆಂಬರ್‌ನಲ್ಲಿ ಶುರು. ಅವರು ಹೇಳಿದ್ದು ಅಕ್ಟೋಬರ್ ಮೊದಲ ವಾರ.

ಲೆಕ್ಕ ಸುಲಭವಾಗಿತ್ತು. 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್, 1440 ಆರ್‌ಪಿಎಂ. 3 ಇಂಚಿನ ಪುಲ್ಲಿಯಿಂದ ಮಧ್ಯದ ಶಾಫ್ಟಿನ 9 ಇಂಚಿನ ಪುಲ್ಲಿಗೆ ಬಂದರೆ 480. ಅಲ್ಲಿಂದ 4 ಇಂಚು, ಮೇಲೆ ಡ್ರಮ್ಮಿಗೆ 12 ಇಂಚು. ಕೊನೆಗೆ ಡ್ರಮ್ಮಿಗೆ ಸಿಗುವುದು 160. ಮಧ್ಯದ ಶಾಫ್ಟ್ 25 ಮಿ.ಮೀ., ಎರಡು ಯುಸಿಪಿ 205 ಬೇರಿಂಗ್ ಬ್ಲಾಕ್ ಮೇಲೆ. ಸ್ಟ್ಯಾಂಡು ಎಲ್ ಆಕಾರದ ಕಬ್ಬಿಣದ 40×40×6 ಆಂಗಲ್‌ನದ್ದು. ಎರಡು ರಾತ್ರಿ ಕೂತು 3ಡಿ ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್ ಫ್ರೀಕ್ಯಾಡ್‌ನಲ್ಲಿ ಎಲ್ಲ ಬರೆದೆ. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಿಂದ, ಭಾಗಗಳನ್ನು ಜೋಡಿಸಿ ನೋಡುವ ಅಸೆಂಬ್ಲಿ ವರ್ಕ್‌ಬೆಂಚ್ ಅದರ ಒಳಗೇ ಇದೆ. ಬೇರೆ ಆಡ್‌ಆನ್ ಹಾಕುವ ರಗಳೆ ಇಲ್ಲ.

ಯಾವ ಭಾಗ ಯಾವುದರೊಳಗೆ ನುಗ್ಗಿದೆ ಎಂದು ನೋಡಲು ಒಂದು ಪೈಥಾನ್ ಮ್ಯಾಕ್ರೋ, ಅಂದರೆ ಸಣ್ಣ ಪ್ರೋಗ್ರಾಂ, ಬರೆದುಕೊಂಡಿದ್ದೆ. ಎರಡೆರಡೇ ಭಾಗ ತೆಗೆದುಕೊಂಡು 'ಕಾಮನ್' ಮಾಡುತ್ತದೆ. ಎರಡಕ್ಕೂ ಸೇರಿದ ಜಾಗದ ಘನ ಅಳತೆ ಸೊನ್ನೆಗಿಂತ ಜಾಸ್ತಿ ಬಂದರೆ ಜಗಳ ಇದೆ ಎಂದರ್ಥ. ಓಡಿಸಿದೆ. ಎಲ್ಲ ಸೊನ್ನೆ. ಡ್ರಾಯಿಂಗ್ ಪ್ರಿಂಟ್ ತೆಗೆದು ಅಂಬಳೆ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಬ್ರಿಕೇಷನ್ ಶೆಡ್ಡಿಗೆ ಕೊಟ್ಟೆ. ನಾಲ್ಕು ದಿನದಲ್ಲಿ ಸ್ಟ್ಯಾಂಡ್ ರೆಡಿ.

ಶನಿವಾರ, ಶೆಡ್ಡಿನಲ್ಲಿ

ಬೇರಿಂಗ್ ಬ್ಲಾಕ್ ಇಟ್ಟೆವು, ಶಾಫ್ಟ್ ತೂರಿಸಿದೆವು. 9 ಇಂಚಿನ ಪುಲ್ಲಿ ಕೂರಿಸಲು ಹೋದರೆ ಕೆಳಗಿನ ಅಡ್ಡ ಆಂಗಲ್‌ಗೆ ಟಣ್ ಎಂದು ಬಡಿಯಿತು. ಸ್ವಲ್ಪ ಅಲ್ಲ, ಪೂರ್ತಿ ಎಂಟು ಮಿಲಿಮೀಟರ್.

ವೆಲ್ಡಿಂಗ್ ಅಣ್ಣ ಡ್ರಾಯಿಂಗ್ ತೆಗೆದು ಟೇಪ್ ಹಿಡಿದರು. ಅಡ್ಡ ಆಂಗಲ್ ಇರಬೇಕಾದ ಕಡೆಯೇ ಇದೆ. "ನೀವು ಬರ್ದಂಗೇ ಮಾಡಿದೀನಿ ನೋಡಿ ಸಾರ್" ಅಂದರು. ಅವರದ್ದೇನೂ ತಪ್ಪಿಲ್ಲ. 9 ಇಂಚಿನ ಪುಲ್ಲಿಯ ಅರ್ಧ ವ್ಯಾಸ 114.3. ಯುಸಿಪಿ 205ರಲ್ಲಿ ತಳದಿಂದ ಶಾಫ್ಟಿನ ಮಧ್ಯಕ್ಕೆ 36.5. ಕಳೆದರೆ ಪುಲ್ಲಿ ಆಂಗಲ್‌ನ ಮೇಲ್ಮೈಯಿಂದ 77.8 ಮಿ.ಮೀ. ಕೆಳಗಿಳಿಯುತ್ತದೆ. ನಾನು ಅಡ್ಡ ಆಂಗಲ್ ಇಟ್ಟಿದ್ದು 70ಕ್ಕೆ. ಒಂದನೇ ಕ್ಲಾಸಿನ ಕಳೆಯುವ ಲೆಕ್ಕ ಇದು. ಇದನ್ನು ಹಿಡಿಯಲಿ ಎಂದೇ ಅಲ್ವಾ ಮ್ಯಾಕ್ರೋ ಬರೆದದ್ದು?

ಗ್ರೈಂಡರ್‌ನಲ್ಲಿ ಅಡ್ಡ ಆಂಗಲ್ ಕತ್ತರಿಸಿ 30 ಮಿ.ಮೀ. ಕೆಳಗೆ ಮತ್ತೆ ಬೆಸೆದರು. ಅದಕ್ಕೆ ಮುಕ್ಕಾಲು ಗಂಟೆ. ಮ್ಯಾಕ್ರೋ ಯಾಕೆ ಸುಳ್ಳು ಹೇಳಿತು ಎಂದು ಹುಡುಕಲು ನನಗೆ ಆ ಇಡೀ ರಾತ್ರಿ ಬೇಕಾಯಿತು.

ಕಾರಣ ಗೊತ್ತಾದಾಗ ನಗು ಬಂತು, ಸಿಟ್ಟೂ ಬಂತು. ಶಾಫ್ಟು, ಎರಡು ಬೇರಿಂಗು, ಎರಡು ಪುಲ್ಲಿ, ಇಷ್ಟನ್ನೂ ಒಂದು ಗುಂಪಿಗೆ ಹಾಕಿ, ಆ ಗುಂಪನ್ನೇ ಎತ್ತಿ ಸ್ಟ್ಯಾಂಡಿನ ಮೇಲೆ ಇಟ್ಟಿದ್ದೆ. ಫ್ರೀಕ್ಯಾಡ್‌ನಲ್ಲಿ ಒಂದು ಭಾಗದ 'ಶೇಪ್' ಕೇಳಿದರೆ ಆ ಭಾಗದ ಸ್ವಂತ ಜಾಗ, ಅಂದರೆ ಅದರ ಪ್ಲೇಸ್‌ಮೆಂಟ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದು ಕೂತಿರುವ ಗುಂಪು ಎಲ್ಲಿಗೆ ಸರಿದಿದೆ ಎನ್ನುವುದು ಬರುವುದಿಲ್ಲ. ಕಣ್ಣಿಗೆ ಪುಲ್ಲಿ ಸ್ಟ್ಯಾಂಡಿನ ಒಳಗೇ ಕಾಣುತ್ತಿತ್ತು. ಮ್ಯಾಕ್ರೋಗೆ ಮಾತ್ರ ಅದು ಇನ್ನೂ ನಾನು ಮೊದಲು ಬರೆದ ಜಾಗದಲ್ಲಿ, ಸ್ಟ್ಯಾಂಡಿನಿಂದ ಅರ್ಧ ಮೀಟರ್ ದೂರದಲ್ಲಿ ಇತ್ತು. ಅಷ್ಟು ದೂರದಲ್ಲಿ ಇರುವುದು ಯಾವುದಕ್ಕೆ ತಾಗುತ್ತದೆ? ಸೊನ್ನೆಯೇ ಬರಬೇಕು.

ಈಗ ಪ್ರತಿ ಭಾಗಕ್ಕೂ ಗುಂಪಿನ ಜಾಗವನ್ನೂ ಸೇರಿಸಿದ ಗ್ಲೋಬಲ್ ಪ್ಲೇಸ್‌ಮೆಂಟ್ ಕೇಳಿ, ಶೇಪಿನ ಒಂದು ನಕಲಿಗೆ ಅದನ್ನು ಹಾಕಿ, ಆಮೇಲೆ ಹೋಲಿಸುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಚೆಕ್ ಓಡಿಸುವ ಮೊದಲು ಬೇಕಂತಲೇ ಒಂದು ಭಾಗವನ್ನು 5 ಮಿ.ಮೀ. ಇನ್ನೊಂದರೊಳಗೆ ನೂಕುತ್ತೇನೆ. ಮ್ಯಾಕ್ರೋ ಕೂಗಬೇಕು. ಕೂಗಿದರೆ ಭಾಗವನ್ನು ವಾಪಸ್ ಸರಿಸಿ ನಿಜವಾದ ಚೆಕ್ ಮಾಡುವುದು. ಮನೆಯಲ್ಲಿ ಟೆಸ್ಟರ್ ಹಿಡಿಯುವಾಗ ಮೊದಲು ಕರೆಂಟ್ ಇದೆ ಎಂದು ಗೊತ್ತಿರುವ ಪ್ಲಗ್ಗಿಗೆ ಚುಚ್ಚಿ ನೋಡುತ್ತೇವಲ್ಲ, ಹಾಗೆ.

ಭಾನುವಾರ, ಮನೆಯಲ್ಲಿ

ಸರಿಪಡಿಸಿದ ಮ್ಯಾಕ್ರೋ ಓಡಿಸಿದರೆ 64 ಕಡೆ ಜಗಳ! ನೋಡಿದರೆ ಮುಕ್ಕಾಲುಪಾಲು ಬೋಲ್ಟು ಮತ್ತು ನಟ್ಟು. ಎಂ10 ಬೋಲ್ಟನ್ನು ಮರೆ (ಥ್ರೆಡ್) ಇಲ್ಲದೆ 10 ಮಿ.ಮೀ. ಕಡ್ಡಿಯಂತೆ ಬರೆದಿದ್ದೆ, ನಟ್ಟಿನ ತೂತು 8.5. ಇದು ಜಗಳವೇ ಅಲ್ಲ, ಮರೆ ಕೂರುವ ಜಾಗ. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಆದ ಸಾಲಿಡ್‌ವರ್ಕ್ಸ್‌ನ ಇಂಟರ್‌ಫಿಯರೆನ್ಸ್ ಡಿಟೆಕ್ಷನ್‌ನಲ್ಲಿ ಬೋಲ್ಟು ನಟ್ಟುಗಳನ್ನು ಬೇರೆ ಫೋಲ್ಡರ್‌ಗೆ ಹಾಕುವ ಆಯ್ಕೆ ಇದೆ. ಸುಮ್ನೆ ಮುಖಕ್ಕೆ ಮುಖ ತಾಗಿದ್ದನ್ನು ಜಗಳ ಎಂದು ತೋರಿಸಬೇಕೋ ಬೇಡವೋ ಎನ್ನುವುದಕ್ಕೂ ಒಂದು ಟಿಕ್ ಇದೆ. ನನ್ನ ಮ್ಯಾಕ್ರೋದಲ್ಲಿ ಅವೆಲ್ಲ ಇರಲಿಲ್ಲ. ಅದಕ್ಕೆ ಸೋಮಾರಿತನದ ದಾರಿ ಹಿಡಿದೆ: 50 ಘನ ಮಿ.ಮೀ.ಗಿಂತ ಸಣ್ಣದನ್ನೆಲ್ಲ ಬಿಡು, ಉಳಿದದ್ದನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸು.

ಈ 50ರ ಗೆರೆ ನನ್ನನ್ನು ಬುಧವಾರ ಕಾಡಿತು. ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಕೆಲಸ ಮಾಡಿದೆ. ತಾಗಿದೆಯೋ ಇಲ್ಲವೋ ಎಂದು ಕೇಳಿದರೆ ಸಾಲದು, ಎಷ್ಟು ಅಂತರ ಇದೆ ಎಂದೂ ಕೇಳಬೇಕು. ಫ್ರೀಕ್ಯಾಡ್‌ನ 'ಡಿಸ್ಟ್‌ಟುಶೇಪ್' ಎರಡು ಭಾಗಗಳ ನಡುವಿನ ಅತಿ ಕಡಿಮೆ ಅಂತರ ಕೊಡುತ್ತದೆ. ನಿಂತಲ್ಲೇ ನಿಲ್ಲುವ ಭಾಗಗಳಿಗೆ 3 ಮಿ.ಮೀ., ತಿರುಗುವ ಭಾಗಕ್ಕೆ 10 ಮಿ.ಮೀ. ಎಂದು ನನ್ನದೇ ನಿಯಮ ಇಟ್ಟುಕೊಂಡೆ. ವೆಲ್ಡಿಂಗ್ ಶಾಖಕ್ಕೆ ಆಂಗಲ್ ಎಳೆದುಕೊಳ್ಳುತ್ತದೆ. ಮಾಡೆಲ್‌ನಲ್ಲಿ 1 ಮಿ.ಮೀ. ಬಿಟ್ಟು ಶೆಡ್ಡಿನಲ್ಲಿ ಅದು ಸಿಗಲಿ ಎಂದು ಕಾಯುವುದು ಮೂರ್ಖತನ.

ಸೋಮವಾರ, ಲೇತ್ ಅಂಗಡಿ

12 ಇಂಚಿನ ಪುಲ್ಲಿ ಡ್ರಮ್ ಶಾಫ್ಟಿಗೆ ಹೋಗಲಿಲ್ಲ. ಮರದ ಸುತ್ತಿಗೆಯಲ್ಲಿ ಎರಡೇಟು ಹಾಕಿದೆ, ಹೋಗಲಿಲ್ಲ. ಮೂರನೇ ಏಟು ಹಾಕುವ ಮೊದಲು ದೇವರು ಬುದ್ಧಿ ಕೊಟ್ಟ. ಶಾಫ್ಟನ್ನೂ ಪುಲ್ಲಿಯನ್ನೂ ಲೇತ್‌ಗೆ ತೆಗೆದುಕೊಂಡು ಹೋದೆ.

ಲೇತ್ ಅಣ್ಣ ವರ್ನಿಯರ್ ಮುಟ್ಟಲೇ ಇಲ್ಲ. ಶಾಫ್ಟಿನ ತುದಿ ಬೆರಳಲ್ಲಿ ಸವರಿ, "ಇದು ಹಳೇ ಇಂಚು ಶಾಫ್ಟು. ನೀವು ಮಿಲಿಮೀಟರ್ ಪುಲ್ಲಿ ತಂದಿದೀರ" ಅಂದರು.

ನಾನು ಅಳೆದದ್ದು ಬುಷ್ ಕೂರುವ ಜಾಗದಲ್ಲಿ. ಎಷ್ಟೋ ವರ್ಷ ತಿರುಗಿ ಸವೆದ ಜಾಗ ಅದು. ವರ್ನಿಯರ್ 25.1 ತೋರಿಸಿತ್ತು. ಒಂದು ಗೆರೆಯಷ್ಟೇ ಅಲ್ವಾ ಎಂದು ಮಾಡೆಲ್‌ನಲ್ಲಿ 25 ಬರೆದೆ. ಸವೆಯದ ತುದಿಯಲ್ಲಿ ಮೈಕ್ರೋಮೀಟರ್ ಹಿಡಿದರೆ 25.38. ಒಂದು ಇಂಚು ಅಂದರೆ 25.4. ಪುಲ್ಲಿಯ ತೂತು 25 ಎಚ್7, ಅಂದರೆ 25.000ದಿಂದ 25.021ರ ಒಳಗೆ. ಸುತ್ತಿಗೆ ಎಷ್ಟು ಹೊಡೆದರೂ ಅದು ಹೋಗುವ ಮಾತಲ್ಲ. ಹೋಗಿದ್ದರೆ ಪುಲ್ಲಿ ಸೀಳುತ್ತಿತ್ತು. ಮಾಡೆಲ್‌ಗೆ ಇದು ಗೊತ್ತಾಗುವ ದಾರಿಯೇ ಇಲ್ಲ. 25ರ ತೂತಿನಲ್ಲಿ 25ರ ಶಾಫ್ಟು, ಅಲ್ಲಿ ಎಲ್ಲವೂ ಸರಿ.

ತೂತು 25.4ಕ್ಕೆ ಬೋರ್ ಮಾಡುವುದು ಇಪ್ಪತ್ತು ನಿಮಿಷದ ಕೆಲಸ. ಪುಲ್ಲಿ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಕೀ ವಿಷಯ ಹಾಗಲ್ಲ. ಮಿಲಿಮೀಟರ್ ಲೆಕ್ಕದಲ್ಲಿ ಈ ದಪ್ಪದ ಶಾಫ್ಟಿಗೆ 8 ಮಿ.ಮೀ. ಅಗಲದ ಕೀ. ಹಳೆಯ ಶಾಫ್ಟಿನಲ್ಲಿ ಇದ್ದದ್ದು ಕೀ ಕೂರುವ ಕಾಲು ಇಂಚಿನ ತೋಡು, 6.35. ಪುಲ್ಲಿಯಲ್ಲಿ 8, ಶಾಫ್ಟಿನಲ್ಲಿ 6.35. ಶಾಫ್ಟಿನ ತೋಡನ್ನೇ ಅಗಲ ಮಾಡೋಣವೇ ಎಂದು ಕೇಳಿದೆ. "ಹಳೇ ಶಾಫ್ಟು, ಮುಟ್ಟೋದು ಬೇಡ" ಎಂದು ಅಣ್ಣ ಮೆಟ್ಟಿಲು ಕೀ ಮಾಡಿದರು. ಮೇಲಿನ ಅರ್ಧ 8, ಕೆಳಗಿನ ಅರ್ಧ 6.35. ಶೇಪಿಂಗ್‌ನಲ್ಲಿ ಒಂದು ಪಾಸ್ ಕೊಟ್ಟು, ಉಳಿದದ್ದು ಅರದಲ್ಲಿ. ಅರ ಎರಡು ಸಲ ಎಳೆಯುವುದು, ತೋಡಿಗೆ ಇಟ್ಟು ನೋಡುವುದು, ಕೀ ಮೇಲೆ ಹೊಳೆಯುವ ಕಡೆ ಮತ್ತೆ ಒಂದು ಎಳೆತ. ಕೊನೆಗೆ ಹೆಬ್ಬೆರಳಲ್ಲಿ ಒತ್ತಿದರೆ ಬಿಗಿಯಾಗಿ ಇಳಿಯಿತು. ಅಳತೆ ಹೇಳದೆ ಕೂರಿಸುವ ಕೈ ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಮನೆಗೆ ಬಂದು ಮಾಡೆಲ್‌ನಲ್ಲಿ ಶಾಫ್ಟ್ ಎರಡು ಸಲ ಬರೆದೆ. ಸವೆದ ಜಾಗ 25.1, ತುದಿ 25.4. ಹಳೆಯ ಮಷೀನ್ ಅಳೆಯುವಾಗ ಈಗ ಮೂರು ಕಡೆ ಅಳೆದು, ಮೂರನ್ನೂ ಬರೆದಿಡುತ್ತೇನೆ. ಸಂಖ್ಯೆ 12.7, 19.05, 25.4ರ ಸುತ್ತಮುತ್ತ ಬಂದರೆ ಮೊದಲು ಇಂಚಿನ ಸ್ಕೇಲು ಹಿಡಿಯುವುದು.

ಬುಧವಾರ, ಮತ್ತೆ ಶೆಡ್ಡು

ಪುಲ್ಲಿ ಕೂತಿತು, ಮೋಟಾರ್ ಓಡಿಸಿದೆವು. ಹತ್ತು ನಿಮಿಷಕ್ಕೆ ಎಡಗಡೆಯ ಬೇರಿಂಗ್ ಬ್ಲಾಕ್ ನಡುಗಲು ಶುರು. ಬೋಲ್ಟ್ ಸಡಿಲವಾಗಿತ್ತು. ಬಿಗಿ ಮಾಡಿ ಓಡಿಸಿದರೆ ಮತ್ತೆ ಅದೇ. ಸ್ಪ್ರಿಂಗ್ ವಾಷರ್ ಹಾಕಿದರೂ ಅಷ್ಟೇ.

ಕೆಳಗೆ ಬಗ್ಗಿ ಟಾರ್ಚ್ ಹಿಡಿದು ನೋಡಿದೆ. ಆಂಗಲ್‌ನ ಒಳಗಡೆ ವಾಷರ್ ಚಪ್ಪಟೆಯಾಗಿ ಕೂತಿರಲಿಲ್ಲ. ಒಂದು ಅಂಚು ಕೂದಲೆಳೆಯಷ್ಟು ಎದ್ದಿತ್ತು. ಅಂಚಿನ ಕೆಳಗೆ ಉಗುರು ಸಿಕ್ಕುವಷ್ಟೂ ಇಲ್ಲ, ಬೆಳಕು ಮಾತ್ರ ಹಾಯುತ್ತಿತ್ತು.

ಕಾಗದ ಪೆನ್ಸಿಲ್ ಹಿಡಿದೆ. ಆಂಗಲ್ 40ರದ್ದು, ತೂತು ಸರಿಯಾಗಿ ಮಧ್ಯದಲ್ಲಿ, 20ಕ್ಕೆ. ಎಂ10 ವಾಷರ್‌ನ ಹೊರವ್ಯಾಸ 20. ಅಂದರೆ ವಾಷರ್‌ನ ಅಂಚು ಆಂಗಲ್‌ನ ಬೆನ್ನಿನಿಂದ 10 ಮಿ.ಮೀ.ಗೆ ಬರುತ್ತದೆ. ಆಂಗಲ್ ದಪ್ಪ 6. ನನ್ನ ಮಾಡೆಲ್‌ನಲ್ಲಿ ಒಳಮೂಲೆ ಚೂಪು. ಅದರ ಪ್ರಕಾರ 4 ಮಿ.ಮೀ. ಜಾಗ ಉಳಿದಿದೆ. ನಿಜವಾದ ಆಂಗಲ್‌ನ ಒಳಮೂಲೆ ಚೂಪಲ್ಲ. ರೋಲಿಂಗ್‌ನಲ್ಲಿ ಬಂದ ಮಾಲಿಗೆ ಅಲ್ಲಿ ದುಂಡು ಇರುತ್ತದೆ, ಈ ಸೈಜಿಗೆ ಸುಮಾರು ಐದೂವರೆ ಮಿ.ಮೀ. ಆರಕ್ಕೆ ಐದೂವರೆ ಸೇರಿಸಿದರೆ ಹನ್ನೊಂದೂವರೆ. ಸಮತಟ್ಟು ಜಾಗ ಶುರುವಾಗುವುದೇ ಅಲ್ಲಿಂದ. ವಾಷರ್ ಒಂದೂವರೆ ಮಿ.ಮೀ. ದುಂಡಿನ ಮೇಲೆ ಹತ್ತಿ ಕೂತಿದೆ.

ಮಾಡೆಲ್‌ನಲ್ಲಿ ಆ ದುಂಡು ಬರೆದು ಮ್ಯಾಕ್ರೋ ಓಡಿಸಿದೆ. ಏನೂ ಬರಲಿಲ್ಲ! ಯಾಕೆಂದರೆ ನಾನೇ ಹಾಕಿದ 50ರ ಗೆರೆ. ಗೆರೆ ತೆಗೆದು ಓಡಿಸಿದರೆ ಪಟ್ಟಿಯ ಕೊನೆಯಲ್ಲಿ ಬಂತು, ಒಂದು ಘನ ಮಿ.ಮೀ. ಕೂಡ ಇಲ್ಲ. ದುಂಡು ಆ ಜಾಗದಲ್ಲಿ ಏರುವುದೇ 0.2 ಮಿ.ಮೀ. ಆದರೆ ಆ 0.2 ಸಾಕು, ವಾಷರ್ ಓರೆಯಾಗಿ, ಬೋಲ್ಟ್ ಒಂದು ಕಡೆ ಮಾತ್ರ ಹಿಡಿದು, ನಡುಕಕ್ಕೆ ಬಿಚ್ಚಿಕೊಳ್ಳಲು. ಬೋಲ್ಟು ನಟ್ಟಿನ ಸುಳ್ಳು ಜಗಳಗಳು ನೂರಾರು ಘನ ಮಿ.ಮೀ., ನಿಜವಾದ ಜಗಳ ಒಂದಕ್ಕಿಂತ ಕಡಿಮೆ. ಗಾತ್ರ ನೋಡಿ ಜೋಡಿಸುವ ಬುದ್ಧಿ ಯಾರು ಕೊಟ್ಟರೋ ನನಗೆ. ಈಗ ಮ್ಯಾಕ್ರೋ ಹೆಸರು ನೋಡಿ ಬಿಡುತ್ತದೆ: ಒಂದೇ ಜೋಡಿಯ ಬೋಲ್ಟು ಮತ್ತು ನಟ್ಟು ಆದರೆ ಮಾತ್ರ ಬಿಡು, ಬೇರೆ ಏನಿದ್ದರೂ, ಎಷ್ಟೇ ಸಣ್ಣದಿದ್ದರೂ ತೋರಿಸು.

ಪರಿಹಾರ ಸುಲಭವಿತ್ತು. ಆಂಗಲ್‌ನ ತೂತನ್ನು ದುಂಡು ಅರದಲ್ಲಿ 2 ಮಿ.ಮೀ. ಹೊರಗೆ ಎಳೆದೆವು. ಬೋಲ್ಟು 22ಕ್ಕೆ ಬಂದರೆ ವಾಷರ್ 12ಕ್ಕೆ ನಿಲ್ಲುತ್ತದೆ, ದುಂಡು ತಪ್ಪುತ್ತದೆ. ಬೇರಿಂಗ್ ಬ್ಲಾಕನ್ನೂ ಅಷ್ಟೇ ಸರಿಸಿದೆವು. ಬಲಗಡೆಯದ್ದಕ್ಕೂ ಹೀಗೇ. ಅಲ್ಲಿ ಇನ್ನೊಂದು ಸಿಕ್ಕಿತು. ಬ್ಲಾಕಿನ ತಳ 140 ಮಿ.ಮೀ. ಉದ್ದ, ಅದರ ಒಂದು ತುದಿ ಮೂಲೆಯ ವೆಲ್ಡಿಂಗ್ ಉಬ್ಬಿನ ಮೇಲೆ ಕೂತಿತ್ತು. ಡ್ರಾಯಿಂಗ್‌ನಲ್ಲಿ ವೆಲ್ಡಿಂಗ್ ಗುರುತು ಇತ್ತು, ಮಾಡೆಲ್‌ನಲ್ಲಿ ವೆಲ್ಡಿಂಗ್ ಮಾಲು ಇರಲಿಲ್ಲ. ಗ್ರೈಂಡರ್ ಎರಡು ನಿಮಿಷ.

ನಡುವೆ ಬಂದ ಚಿಲ್ಲರೆ ತಾಪತ್ರಯಗಳು

ಮೋಟಾರ್ ಮಾಡೆಲನ್ನು ನೆಟ್‌ನಿಂದ ಇಳಿಸಿಕೊಂಡಿದ್ದೆ. 80 ನಂಬರ್ ಸೈಜಿನ ಫ್ರೇಮು, ಶಾಫ್ಟ್ 19, ಕಾಲಿನ ತೂತುಗಳು 125ಕ್ಕೆ 100, ಎಲ್ಲ ಸರಿ. ಆದರೆ ಅದು ತ್ರೀ ಫೇಸ್ ಮೋಟಾರಿನದ್ದು. ನಮ್ಮ ಸಿಂಗಲ್ ಫೇಸ್ ಮೋಟಾರಿನ ಬೆನ್ನ ಮೇಲೆ ಕೆಪಾಸಿಟರ್ ಡಬ್ಬಿ ಇದೆ. ಅದು ನೇರ ಹೋಗಿ ಸಿಪ್ಪೆ ಜಾರುವ ತಗಡಿಗೆ ತಾಗಿತು. ಸಿಪ್ಪೆಯ ನೀರು ಮೋಟಾರ್ ಮೇಲೆ ಸೋರುವ ಜಾಗ ಹೇಗೂ ಒಳ್ಳೆಯದಲ್ಲ. ಮೋಟಾರ್ ಆ ಕಡೆಯಿಂದ ಈ ಕಡೆಗೆ ತಂದೆವು.

ಜಾಗ ಬದಲಾದ ಮೇಲೆ ಬೆಲ್ಟ್ ಅಳೆಯಬೇಕಲ್ಲ. ಎರಡು ಪುಲ್ಲಿಯ ಹೊರಸುತ್ತಿಗೆ ಹಗ್ಗ ಸುತ್ತಿದೆ, 51 ಇಂಚು. ಐ.ಜಿ. ರೋಡಿನ ಅಂಗಡಿಯಲ್ಲಿ ಎ-51 ತಂದೆ. ಜೋಲು ಬಿತ್ತು. ಎ ಮುಂದಿನ ನಂಬರ್ ಬೆಲ್ಟಿನ ಒಳಸುತ್ತಿನ ಅಳತೆ. ಬೆಲ್ಟಿನ ದಪ್ಪ 8 ಮಿ.ಮೀ. ಪುಲ್ಲಿಯ ತೋಡಿನೊಳಗೆ ಇಳಿದು ಕೂರುತ್ತದೆ. ಸುತ್ತಿನಲ್ಲಿ ಅದು ಸುಮಾರು 50 ಮಿ.ಮೀ., ಎರಡು ಇಂಚು ಕಡಿಮೆಯಾಯಿತು. ಎ-49 ತಂದೆ, ಕೂತಿತು. ಅಂಗಡಿಯವರು ಬದಲಾಯಿಸಿ ಕೊಟ್ಟರು, ಒಳ್ಳೆಯವರು.

ತೋಟದಲ್ಲಿ

ನವೆಂಬರ್ ಎರಡನೇ ವಾರ ಪಲ್ಪರನ್ನು ಸ್ಟ್ಯಾಂಡಿನ ಮೇಲೆ ಏರಿಸಿದೆವು. ಹಣ್ಣು ಇನ್ನೂ ಪೂರ್ತಿ ಕೆಂಪಾಗಿರಲಿಲ್ಲ, ಪುಣ್ಯ.

ಡ್ರಮ್ಮಿಗೂ ಎದುರಿನ ಪ್ಲೇಟಿಗೂ ಮಧ್ಯೆ ಇರುವ ಸಂದಿಯೇ ಪಲ್ಪರಿನ ಪ್ರಾಣ. ಜಾಸ್ತಿಯಾದರೆ ಹಣ್ಣು ಸಿಪ್ಪೆ ಬಿಡದೆ ಹಾಗೇ ಇಳಿಯುತ್ತದೆ. ಕಡಿಮೆಯಾದರೆ ಬೀಜವೇ ಕಚ್ಚಿಹೋಗುತ್ತದೆ, ಪಲ್ಪರ್ ಕಟ್. ಕಚ್ಚಿದ ಬೀಜ ಹುಳಿಯುವಾಗಲೇ ಬಣ್ಣ ಕೆಡುತ್ತದೆ, ಗ್ರೇಡಿಂಗ್‌ನಲ್ಲಿ ಬೇರೆ ಹೋಗುತ್ತದೆ. ಮಾಡೆಲ್‌ನಲ್ಲಿ ನಾನು 5 ಮಿ.ಮೀ. ಇಟ್ಟಿದ್ದೆ. ಸಂದಿ ಅಳೆಯುವ ಫೀಲರ್ ಗೇಜ್ ಹಾಕಿದರೆ 5 ಎಲ್ಲಿಯೂ ಇಲ್ಲ. ಒಂದು ಕಡೆ 3.2, ಕಾಲು ಸುತ್ತು ತಿರುಗಿಸಿದರೆ 3, ಇನ್ನೂ ಕಾಲು ಸುತ್ತಿಗೆ 2.5.

ಡ್ರಮ್ಮನ್ನು ನಾನು ನುಣುಪಾದ ಕೊಳವೆಯಂತೆ ಬರೆದಿದ್ದೆ. ನಿಜವಾದ ಡ್ರಮ್ಮಿಗೆ ತಾಮ್ರದ ತಗಡು ಸುತ್ತಿದೆ, ಅದರ ತುಂಬಾ ಉಬ್ಬು. ಉಬ್ಬಿನ ಎತ್ತರ ನಾನು ಲೆಕ್ಕ ಹಿಡಿದಿರಲಿಲ್ಲ. ಅದರ ಮೇಲೆ ಡ್ರಮ್ಮು ಪೂರ್ತಿ ದುಂಡಗಿಲ್ಲ. ಎಲ್ಲಿ ಜಾಸ್ತಿ ಬರುತ್ತಿದೆ ಎಂದು ತಿಳಿಯಲು ಎದುರಿನ ಪ್ಲೇಟಿಗೆ ಸೀಮೆಸುಣ್ಣ ತಿಕ್ಕಿ, ಪ್ಲೇಟನ್ನು ನಿಧಾನಕ್ಕೆ ಹತ್ತಿರ ತಂದು, ಕೈಯಲ್ಲೇ ಒಂದು ಸುತ್ತು ತಿರುಗಿಸಿದೆ. ತಗಡಿನ ಎರಡು ಅಂಚು ಒಂದರ ಮೇಲೊಂದು ಬರುವ ಜೋಡಣೆಯ ಪಕ್ಕದ ಸಾಲಿನ ಉಬ್ಬುಗಳಿಗೆ ಮಾತ್ರ ಬಿಳಿ ಹತ್ತಿತು. ಅಲ್ಲಿ ತಗಡು ಎದ್ದಿತ್ತು. ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ ಕೂರಿಸಿ, ಅಂಚಿಗೆ ಎರಡು ತಾಮ್ರದ ಮೊಳೆ ಜಾಸ್ತಿ ಹೊಡೆದೆವು. 2.5 ಇದ್ದದ್ದು 2.9ಕ್ಕೆ ಬಂತು.

ಮಾಡೆಲ್‌ನಲ್ಲಿ ಸಾವಿರ ಉಬ್ಬು ಬರೆಯಲು ಹೋಗಲಿಲ್ಲ. ಲ್ಯಾಪ್‌ಟಾಪ್ ಸತ್ತೇ ಹೋಗುತ್ತದೆ. ಅದರ ಬದಲು ಅತಿ ಎತ್ತರದ ಉಬ್ಬು ಸುತ್ತುವಾಗ ಎಷ್ಟು ಜಾಗ ತಿನ್ನುತ್ತದೆಯೋ ಅಷ್ಟು ದಪ್ಪದ ಒಂದೇ ಕೊಳವೆ ಬರೆದೆ. ಪುಲ್ಲಿಗೂ ಹಾಗೇ ಮಾಡಿದೆ.

ಕೊನೆಯ ಸಂದಿಯನ್ನು ಇಟ್ಟವರು ಚಿಕ್ಕಪ್ಪ. ನಾನು ಫೀಲರ್ ಗೇಜ್ ಹಿಡಿದು ನಿಂತಿದ್ದೆ, ಅವರು ಒಂದು ಬೊಗಸೆ ಹಣ್ಣು ಹಾಕಿ ಕೆಳಗೆ ಕೈ ಒಡ್ಡಿದರು. ಬಿದ್ದ ಬೀಜಗಳನ್ನು ಬೆರಳಲ್ಲಿ ಆಡಿಸಿ, ಎರಡನ್ನು ಎತ್ತಿ ತೋರಿಸಿದರು. ಅಂಚು ಕಚ್ಚಿತ್ತು. "ಒಂದು ಎಳೆ ಬಿಡು" ಅಂದರು. ಒಂದು ಎಳೆ ಅಂದರೆ ಎಷ್ಟು ಮಿ.ಮೀ. ಎಂದು ಕೇಳಲು ಹೋಗಲಿಲ್ಲ. ಬೋಲ್ಟನ್ನು ಕಾಲು ಸುತ್ತು ಬಿಟ್ಟೆ. ಇನ್ನೊಂದು ಬೊಗಸೆ ಹಾಕಿ, "ಹೂಂ" ಅಂದರು.

ಆಗಲೇ ಕೊನೆಯ ಜಗಳ ಕಣ್ಣಿಗೆ ಬಿತ್ತು. ಪ್ಲೇಟನ್ನು ಹಿಂದೆ ಮುಂದೆ ಮಾಡುವ ಬೋಲ್ಟು ಮಾಡೆಲ್‌ನಲ್ಲಿ ಒಂದೇ ಜಾಗದಲ್ಲಿ ನಿಂತಿತ್ತು. ನಿಜದಲ್ಲಿ ಅದು 12 ಮಿ.ಮೀ. ಓಡಾಡುತ್ತದೆ. ಅರೇಬಿಕಾಗೆ ಇಟ್ಟ ಸಂದಿಯಲ್ಲಿ ತೊಂದರೆ ಇಲ್ಲ. ಪೂರ್ತಿ ಹೊರಗೆ ತಿರುಗಿಸಿದರೆ ಅದರ ತುದಿ ಬೆಲ್ಟ್ ಗಾರ್ಡಿನ ನಾಲ್ಕನೇ ಬೋಲ್ಟಿಗೆ ಬಡಿಯುತ್ತದೆ. ಚಿಕ್ಕಪ್ಪ ಜನವರಿ ಆದಮೇಲೆ ರೊಬಸ್ಟಾ ಕೂಡ ಇದರಲ್ಲೇ ಹಾಕುತ್ತಾರಂತೆ. ಆಗ ಸಂದಿ ಮತ್ತೆ ಬದಲಾಗುತ್ತದೆ. ಓಡಾಡುವ ಭಾಗವನ್ನು ಎರಡು ತುದಿಯಲ್ಲೂ ಇಟ್ಟು ಚೆಕ್ ಮಾಡುವ ಸಾಲನ್ನು ಮ್ಯಾಕ್ರೋಗೆ ಆ ರಾತ್ರಿಯೇ ಸೇರಿಸಿದೆ.

ಸದ್ಯಕ್ಕೆ ಗಾರ್ಡು ಮೂರು ಬೋಲ್ಟಿನ ಮೇಲೆ ಗಟ್ಟಿಯಾಗಿಯೇ ನಿಂತಿದೆ, ಅಲುಗಾಡುತ್ತಿಲ್ಲ. ನಾಲ್ಕನೆಯದಕ್ಕೆ 30 ಮಿ.ಮೀ. ಕೆಳಗೆ ಹೊಸ ತೂತು ಬೇಕು. ಗಾರ್ಡು ಬಿಚ್ಚಬೇಕೆಂದರೆ 12 ಇಂಚಿನ ಪುಲ್ಲಿ ಹೊರಗೆ ಬರಬೇಕು, ಅದಕ್ಕೆ ಆ ಮೆಟ್ಟಿಲು ಕೀ ಎಳೆಯಬೇಕು. ಕೊಯ್ಲಿನ ಮಧ್ಯೆ ಅದನ್ನು ಬಿಚ್ಚಲು ಚಿಕ್ಕಪ್ಪ ಬಿಡುವುದಿಲ್ಲ. ಅರೇಬಿಕಾ ಮುಗಿದು ರೊಬಸ್ಟಾ ಶುರುವಾಗುವ ಮಧ್ಯೆ ಒಂದು ಭಾನುವಾರ ಡ್ರಿಲ್ ಮಷೀನ್ ಹಿಡಿದುಕೊಂಡು ಹೋಗಬೇಕು.